ಯಶೋಧಕ್ಕನ ಮನೆಯಲ್ಲಿ ಕೊರೊನಾ ಮುಗಿದ ದಿನ

ಸರಕಾರದ ಲೆಕ್ಕದಲ್ಲಿ ಕೊರೊನಾ ಎಂದೋ ಮುಗಿದಿತ್ತು. ಆದರೆ ಸರಕಾರ ಇದ್ದದ್ದು ಬೆಂಗಳೂರಿನಲ್ಲಿ, ಯಶೋಧಕ್ಕ ಇದ್ದದ್ದು ಬೆಳುವಾಯಿಯಲ್ಲಿ. ತಮ್ಮ ಮನೆಯಲ್ಲಿ ಯಾವುದು ಯಾವಾಗ ಶುರುವಾಗಬೇಕು, ಯಾವಾಗ ಮುಗಿಯಬೇಕು ಎಂದು ಹೇಳುವ ಅಧಿಕಾರವನ್ನು ಅವರು ಅತ್ತೆ ತೀರಿಕೊಂಡ ತಿಂಗಳೇ ಕೈಗೆ ತೆಗೆದುಕೊಂಡಿದ್ದರು. ಮೂವತ್ತೈದು ವರ್ಷವಾದರೂ ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಕೊರೊನಾ ಎಲ್ಲರಿಗೂ ಒಂದೇ ದಿನ ಮುಗಿಯಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದಿನ ಮುಗಿಯಿತು.

ಮುಗಿದದ್ದು ಗೊತ್ತಾಗುತ್ತಿದ್ದುದು ಲೋಟದಿಂದ. ಜಗಲಿಯಲ್ಲಿ ಕೂತವರಿಗೆ ಕಾಫಿ ಸ್ಟೀಲಿನ ಲೋಟದಲ್ಲಿ ಬಂತೆಂದರೆ ಅವರ ಪಾಲಿನ ಕೊರೊನಾ ಮುಗಿಯಿತು ಎಂದರ್ಥ. ಕಾಗದದ ಲೋಟದಲ್ಲಿ ಬಂದರೆ ಇನ್ನೂ ಉಂಟು. ಬಸದಿಯ ಇಂದ್ರರಿಗೆ ಅದು ಮೊದಲ ವರ್ಷದ ಶ್ರಾವಣದಲ್ಲೇ ಮುಗಿದಿತ್ತು. ಪೂಜೆ ಮಾಡುವವರಿಗೆ ಕಾಗದದಲ್ಲಿ ಕೊಟ್ಟರೆ ಪಾಪ ಬರುತ್ತದಲ್ಲ. ನೆಂಟರಿಗೆ ಮದುವೆಗಳು ಮತ್ತೆ ಜೋರಾದಾಗ ಮುಗಿಯಿತು. ಪಂಚಾಯತ್ ಸದಸ್ಯ ರೋಹಿತನಿಗೆ ಗೇಟಿನವರೆಗೆ ಡಾಂಬರು ಬಂದ ಸಂಜೆ ಮುಗಿಯಿತು. ಲೈನ್‌ಮ್ಯಾನ್ ಅಶೋಕನಿಗೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿಲ್ಲದೆ ಕೂತ ಮೇಲೆ, ಒಮ್ಮೆಲೇ ಮುಗಿಯಿತು. ಆಚೆಮನೆಯ ಖತೀಜಮ್ಮನಿಗೆ ಮಾತ್ರ ಎರಡು ವರ್ಷ ಎಳೆಯಿತು. ಕೊನೆಗೆ ಅವರ ಮಗ ಸಿನಾನ್ ದುಬೈಯಿಂದ ಬಂದು, ಖತೀಜಮ್ಮ ಒಂದು ಕಿಲೋ ಬಾದಾಮಿಯನ್ನೂ ಖರ್ಜೂರದ ಡಬ್ಬಿಯನ್ನೂ ತಂದುಕೊಟ್ಟ ದಿನ ಸ್ಟೀಲಿನ ಲೋಟ ಹೊರಗೆ ಬಂತು. ಖತೀಜಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನಗೆ ಲಸಿಕೆಯಲ್ಲಿ ಹೋಗದ್ದು ಬಾದಾಮಿಯಲ್ಲಿ ಹೋಯ್ತು ನೋಡಿ ಯಶೋಧಕ್ಕ" ಎಂದರು. ಯಶೋಧಕ್ಕ ನಕ್ಕರು. ತಮಾಷೆ ತಮ್ಮ ಮೇಲೆಂದು ಅವರಿಗೆ ಅನಿಸಲಿಲ್ಲ.

ಮುಗಿಯದೆ ಉಳಿದದ್ದು ಚಿನ್ನಯ್ಯನೊಬ್ಬನಿಗೆ.

ಚಿನ್ನಯ್ಯ ಆ ಮನೆಗೆ ಎರಡನೇ ತಲೆಮಾರಿನ ಆಳು. ಬೇಲಿ, ದನದ ಹಟ್ಟಿ, ತೆಂಗಿನಬುಡ, ಬಾವಿ, ಎಲ್ಲಕ್ಕೂ ಅವನೇ. ಅವನ ಅಪ್ಪನಿಗೆ ಯಶೋಧಕ್ಕನ ಅತ್ತೆ ತೆಂಗಿನ ಗೆರಟೆಯಲ್ಲಿ ಕಾಫಿ ಹೊಯ್ಯುತ್ತಿದ್ದರು. ಅತ್ತೆ ಹೋದ ಮೇಲೆ ಯಶೋಧಕ್ಕ ಗೆರಟೆ ಎಸೆದು, ಹಟ್ಟಿಯ ಮಾಡಿಗೆ ಸಿಕ್ಕಿಸಿಡಲು ಒಂದು ಗಾಜಿನ ಲೋಟ ತಂದರು. ತಾನು ಕಾಲಕ್ಕೆ ತಕ್ಕಂತೆ ನಡೆಯುವವಳು ಎಂಬುದಕ್ಕೆ ಅವರು ಆ ಲೋಟವನ್ನು ಬಹಳ ದಿನ ಸಾಕ್ಷಿ ಹೇಳಿಸಿದರು. ಆಮೇಲೆ ಮಗಳು ಸಾಧನಾ ಏಳನೇ ಕ್ಲಾಸಿನಲ್ಲಿ ಏನೋ ಪಾಠ ಓದಿಕೊಂಡು ಬಂದು ಗಾಜಿನ ಲೋಟವನ್ನು ಕಲ್ಲಿಗೆ ಹೊಡೆದು ಒಡೆದಳು. ಮರುದಿನದಿಂದ ಒಳಗಿನ ಸ್ಟೀಲ್ ಲೋಟದಲ್ಲೇ ತಾನೇ ಚಿನ್ನಯ್ಯನಿಗೆ ಕಾಫಿ ಕೊಟ್ಟು, ತೊಳೆದು, ಉಳಿದವುಗಳ ಜೊತೆ ಸ್ಟ್ಯಾಂಡಿಗೆ ಸೇರಿಸಿದಳು. ಹನ್ನೆರಡೂ ಒಂದೇ ಅಚ್ಚಿನವು. ಯಾವುದು ಯಾರದ್ದೆಂದು ಯಾರಿಗೂ ಗೊತ್ತಾಗದ ಹಾಗಾಯಿತು. ಯಶೋಧಕ್ಕ ಬಾಯಿಬಿಡಲಿಲ್ಲ, ಬಿಟ್ಟರೆ ಮಗಳು ಊರಿಗೆಲ್ಲ ಕೇಳುವಂತೆ ಪಾಠ ಒಪ್ಪಿಸುವವಳು. ಆದರೆ ಆವತ್ತಿನಿಂದ ಅವರು ಪ್ರತಿ ಸಲ ಕಾಫಿ ಕುಡಿಯುವಾಗಲೂ ಲೋಟವನ್ನು ಮೂಸಿ ನೋಡಿಯೇ ಕುಡಿದರು.

ಹೀಗಿರುವಾಗ ಲೋಕಕ್ಕೆ ಪೀಡೆಯಾಗಿ ಬಂದ ಕೊರೊನಾ ಯಶೋಧಕ್ಕನಿಗೆ ವರವಾಗಿ ಬಂತು. ಮುಟ್ಟಬೇಡಿ, ದೂರ ನಿಲ್ಲಿ, ಲೋಟ ಬೇರೆ ಇಡಿ ಎಂದು ಟೀವಿಯವರು ಹಗಲಿಡೀ ಹೇಳತೊಡಗಿದರು. "ನೋಡಿ, ನಾವು ಮೊದಲಿನಿಂದ ಮಾಡಿಕೊಂಡು ಬಂದದ್ದನ್ನೇ ಈಗ ಡಾಕ್ಟ್ರುಗಳು ಹೇಳ್ತಾರೆ" ಎಂದು ಅವರು ಗಂಡನಿಗೆ ತೋರಿಸಿದರು. ಗಂಡ ಹೇಮಚಂದ್ರರು ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ನಿರ್ದೇಶಕರ ಮಾತು ಕೇಳಿ ಕೇಳಿ ಅವರ ಸ್ವಂತ ಮಾತು ಖರ್ಚಾಗದೆ ಹಾಗೇ ಉಳಿದಿತ್ತು. "ಹ್ಞೂಂ" ಎಂದರು.

ಮೂಡುಬಿದಿರೆಯಿಂದ ಕಾಗದದ ಲೋಟಗಳ ಕಟ್ಟು ಬಂತು. ಹಿತ್ತಲಲ್ಲಿ ಚಿನ್ನಯ್ಯ ನಿಂತು ಮಾತಾಡುವುದಕ್ಕೆ ಹೇಮಚಂದ್ರರ ಕೈಯಲ್ಲಿ ಬಿಳಿ ಪೈಂಟಿನ ಒಂದು ವೃತ್ತ ಬರೆಸಿದ್ದಾಯಿತು. ಪೇಟೆಯ ಅಂಗಡಿಗಳ ಮುಂದಿನ ವೃತ್ತಗಳನ್ನೆಲ್ಲ ಮೊದಲ ಮಳೆಗಾಲವೇ ತೊಳೆಯಿತು. ಇದು ಮಾತ್ರ ವರ್ಷ ವರ್ಷ ದೀಪಾವಳಿಗೆ ಹೊಸ ಪೈಂಟು ಕಂಡಿತು. ಹೊರಗಿನ ಯಾರೂ ತಾನು ಹೇಳುವವರೆಗೆ ಬಾವಿಗೆ ಇಳಿಯಕೂಡದು ಎಂದು ಅಪ್ಪಣೆಯೂ ಆಯಿತು. ಹೊರಗಿನ ಯಾರೂ ಎಂದರೆ ಚಿನ್ನಯ್ಯ; ಬೇರೆ ಯಾರು ಬಾವಿಗೆ ಇಳಿಯುತ್ತಾರೆ?

ಇನ್ನು ಕುಡಿದಾದ ಕಾಗದದ ಲೋಟದ ವಿಷಯ. ಮನೆಯ ಕಸದ ಡಬ್ಬಿಗೆ ಅದನ್ನು ಹಾಕಕೂಡದು, ಅಂಗಳದಲ್ಲಿ ಬಿಡಕೂಡದು, ಹಂಡೆಯ ಒಲೆಗೆ ಹಾಕಿದರೆ ಆ ಬಿಸಿನೀರಲ್ಲಿ ಸ್ನಾನ ಹೇಗೆ ಮಾಡುವುದು? ಎಲ್ಲಿ ಹಾಕಕೂಡದು ಎಂದು ಯಶೋಧಕ್ಕ ಹೇಳಿದರು, ಎಲ್ಲಿ ಹಾಕಬೇಕು ಎಂದು ಹೇಳಲಿಲ್ಲ. ಚಿನ್ನಯ್ಯ ಬಾವಿಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ. ಅವನು ಮರೆಯಾದ ಮೇಲೆ ಅವರು ಬಂದು, ಮೂಗಿಗೆ ಸೆರಗು ಹಿಡಿದು, ಮುಖ ಆಚೆ ತಿರುಗಿಸಿ, ಅಂಗಳ ಗುಡಿಸುವ ಹಿಡಿಸೂಡಿಯ ತುದಿಯಿಂದ ಅದನ್ನೊಮ್ಮೆ ತಳ್ಳುತ್ತಿದ್ದರು. ಕಟ್ಟೆಯ ಆಚೆ ಗೊಬ್ಬರದ ಗುಂಡಿ. ಲೋಟ ಅಲ್ಲಿಗೆ ಬಿತ್ತು ಎಂದು ಅವರ ನಂಬಿಕೆ. ಒಮ್ಮೆಯೂ ತಿರುಗಿ ನೋಡಲಿಲ್ಲ, ಏಕೆಂದರೆ ನೋಡುವುದೂ ಒಂದು ಬಗೆಯಲ್ಲಿ ಮುಟ್ಟಿದಂತೆಯೇ ಎಂದು ಅವರ ಅತ್ತೆ ಹೇಳಿದ್ದರು.

ಹೀಗೆ ಐದು ವರ್ಷ ಸುಖವಾಗಿ ಕಳೆಯಿತು.

ಈ ವರ್ಷ ಏಪ್ರಿಲ್‌ನಲ್ಲಿ ಸಾಧನಾಳಿಗೆ ಒಂದು ಸಂಬಂಧ ಕೂಡಿಬಂತು. ಕೂಡಿಬಂತು ಎನ್ನುವುದು ಯಶೋಧಕ್ಕನ ಮಾತು. ಸಾಧನಾ ಉಜಿರೆಯಲ್ಲಿ ಕಾಲೇಜು ಉಪನ್ಯಾಸಕಿ, ಹುಡುಗ ಆದೀಶನೂ ಅಲ್ಲೇ ಉಪನ್ಯಾಸಕ. ಕೂಡುವುದೆಲ್ಲ ಒಂದೇ ಬಕೆಟಿನಲ್ಲಿ ಅದ್ದಿ ತೆಗೆದ ಕ್ಯಾಂಟೀನಿನ ಲೋಟಗಳಲ್ಲಿ ಚಾ ಕುಡಿಯುತ್ತಾ ಎರಡು ವರ್ಷದ ಹಿಂದೆಯೇ ಆಗಿತ್ತು. ಹಿರಿಯರು ಭಾನುವಾರ ಬಂದು ಮಾತಾಡುವುದು ಎಂದು ತೀರ್ಮಾನವಾಯಿತು. ಬೆಳ್ತಂಗಡಿ ಕಡೆಯ ದೊಡ್ಡ ಮನೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಹುಡುಗನ ತಾಯಿ ಬಾವಿನೀರಿನ ವ್ರತದವರು. ನಳ್ಳಿಯ ನೀರು ಮುಟ್ಟುವುದಿಲ್ಲ. ಆಗಷ್ಟೇ ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿದ ಬಾವಿನೀರಾದರೆ ಮಾತ್ರ. ಹೋದ ಕಡೆ ನೀರು ಮನಸ್ಸಿಗೆ ಬಾರದಿದ್ದರೆ ಊಟವನ್ನೂ ಮುಟ್ಟದೆ ಎದ್ದು ಬರುವವರಂತೆ.

ಇದನ್ನು ಕೇಳಿ ಯಶೋಧಕ್ಕನಿಗೆ ರೋಮಾಂಚನವಾಯಿತು. ತನಗಿಂತ ಒಂದು ಕೈ ಹೆಚ್ಚಿನವರು ಲೋಕದಲ್ಲಿ ಇದ್ದಾರೆ, ಅವರು ತನ್ನ ಬಾವಿಯ ನೀರು ಕುಡಿದು ಸೈ ಎನ್ನಬೇಕು. ಮಗಳ ಮದುವೆ ಹೇಗೂ ಆದೀತು, ಬಾವಿಯ ಮರ್ಯಾದೆ ಉಳಿಯಬೇಕು. ನಾಲ್ಕು ದಿನ ಅವರಿಗೆ ನಿದ್ದೆ ಸರಿ ಬರಲಿಲ್ಲ.

ಬುಧವಾರ ಪಂಪು ನೀರೆಳೆಯುವುದನ್ನು ನಿಲ್ಲಿಸಿತು. ಕೊಡಪಾನ ಇಳಿಸಿ ಸೇದಿದರೆ ನೀರು ಬಗ್ಗಡ, ಜೊತೆಗೆ ಒಂದು ಬಗೆಯ ಹಳಸಲು ವಾಸನೆ. ಬಾವಿಯ ಕೆಸರು ತೆಗೆಯದೆ ಆರು ವರ್ಷವಾಗಿತ್ತು. ಯಶೋಧಕ್ಕ ಬಿ.ಸಿ.ರೋಡಿನಲ್ಲಿ ಪಂಪು ಬಾಡಿಗೆಗೆ ಕೊಡುವ ಹಸೈನಾರರಿಗೆ ಫೋನು ಮಾಡಿದರು.

"ನೀರು ಖಾಲಿ ಮಾಡಿ ಕೊಡ್ತೇನೆ ಅಕ್ಕ" ಎಂದರು ಹಸೈನಾರ್. "ಆದರೆ ಕೆಸರಿಗೆ ಜನವೇ ಇಳಿಯಬೇಕು. ಬಾವಿಯವರೆಲ್ಲ ಈಗ ಇಪ್ಪತ್ತು ದಿನಕ್ಕೆ ಬುಕ್. ನಿಮ್ಮಲ್ಲಿ ಚಿನ್ನಯ್ಯ ಉಂಟಲ್ಲ, ಅವನ ಹಾಗೆ ಬಾವಿ ಗೊತ್ತಿದ್ದವರು ಇಲ್ಲಿಂದ ಮೂಡುಬಿದಿರೆವರೆಗೆ ಬೇರೆ ಯಾರೂ ಇಲ್ಲ."

ಶುಕ್ರವಾರ ಬೆಳಿಗ್ಗೆ ಹಸೈನಾರರ ಪಂಪು ಬಂತು. ಚಿನ್ನಯ್ಯನೂ ಬಂದ. ಬಂದವನು ನೆಟ್ಟಗೆ ಹೋಗಿ ಬಿಳಿ ವೃತ್ತದೊಳಗೆ ಎರಡೂ ಪಾದ ಜೋಡಿಸಿ ನಿಂತ. ಐವತ್ತೆಂಟರ ಆಳು, ಒಣಕಲು ಮೈ, ನಗುವುದೋ ಇಲ್ಲವೋ ಗೊತ್ತಾಗದ ಮುಖ.

"ಇಳಿ ಮಾರಾಯ, ಹೊತ್ತಾಗ್ತದೆ" ಎಂದರು ಯಶೋಧಕ್ಕ.

"ಇಳಿಯಬಹುದು ಅಮ್ಮ" ಎಂದ ಚಿನ್ನಯ್ಯ. "ಆದರೆ ನೀವು ಹೇಳುವವರೆಗೆ ಯಾರೂ ಬಾವಿಗೆ ಇಳಿಯಬಾರದು ಅಂತ ಉಂಟಲ್ಲ. ಕೊರೊನಾ ಇನ್ನೂ ಮುಗಿಯಲಿಲ್ಲ."

"ಮುಗಿದು ಎಷ್ಟು ಕಾಲ ಆಯ್ತು."

"ಊರಲ್ಲಿ ಮುಗಿದಿದೆ. ನನಗೆ ಇಲ್ಲಿ ಮುಗಿಯಲಿಲ್ಲ. ಮೊನ್ನೆ ಮಂಗಳವಾರವೂ ಕಾಗದದ ಲೋಟವೇ ಇತ್ತು."

"ಅದು ಲೋಟದ ವಿಷಯ. ಬಾವಿಗೂ ಅದಕ್ಕೂ ಎಂತ ಸಂಬಂಧ?"

"ಅದೇ ನಾನೂ ಯೋಚನೆ ಮಾಡಿದೆ ಅಮ್ಮ. ನಾನು ಮುಟ್ಟಿದ ಲೋಟವೇ ನಿಮಗೆ ಆಗುವುದಿಲ್ಲ. ಅಂಥದ್ದರಲ್ಲಿ ನಾನು ತಲೆಯಿಂದ ಕಾಲಿನವರೆಗೆ ಇಡೀ ಇಳಿದ ನೀರನ್ನು ನೀವು ಕುಡಿಯುವುದು ಹೇಗೆ? ನಾಳೆ ನಿಮಗೆ ಏನಾದರೂ ಆದರೆ ನನ್ನ ತಲೆಗೆ ಬರ್ತದೆ."

"ಸಾಬೂನು ಕೊಡ್ತೇನೆ. ಸ್ನಾನ ಮಾಡಿ ಇಳಿ."

"ಸ್ನಾನ ಮಾಡಿಯೇ ಬಂದದ್ದು. ದಿನಾ ಮಾಡಿಯೇ ಬರುವುದು." ಚಿನ್ನಯ್ಯ ಅದನ್ನು ಜೋರಾಗಿ ಹೇಳಲಿಲ್ಲ. "ನೀವು ಮುಗಿಯಿತು ಅಂತ ಒಂದು ಮಾತು ಹೇಳಿ ಅಮ್ಮ, ಈಗಲೇ ಇಳೀತೇನೆ."

ಹಸೈನಾರರ ಪಂಪಿನವನು ಬೀಡಿ ಹಚ್ಚಿಕೊಂಡು ಆಕಾಶ ನೋಡಿದ. ಹೇಮಚಂದ್ರರು ಜಗಲಿಯಲ್ಲಿ ಪೇಪರು ಎತ್ತಿ ಹಿಡಿದರು, ತಲೆಕೆಳಗಾಗಿ ಹಿಡಿದಿದ್ದರು. ಯಶೋಧಕ್ಕನಿಗೆ ಸಿಟ್ಟು ಬಂತು. ಇವನ ಅಪ್ಪ ಈ ಅಂಗಳದಲ್ಲಿ ತಲೆಯೆತ್ತಿ ಮಾತಾಡಿದವನಲ್ಲ. ಸಿಟ್ಟಿನ ಕೆಳಗೆ ನಾಚಿಕೆಯೂ ಇತ್ತು, ಏಕೆಂದರೆ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೊರಟರೆ ಏನೂ ಸಿಗುತ್ತಿರಲಿಲ್ಲ. ಆರು ವರ್ಷದ ಹಿಂದಿನವರೆಗೂ ವರ್ಷಕ್ಕೊಮ್ಮೆ ಇವನು ಬಾವಿಯ ತಳದಲ್ಲಿ ಮೊಣಕಾಲುದ್ದ ನಿಂತ ನೀರನ್ನೇ ತಾವು ಸೋಸಿ, ಕಾಯಿಸಿ, ಶುದ್ಧ ಎಂದು ಕುಡಿದದ್ದಲ್ಲವೇ? ಆ ವಿಚಾರ ಇವತ್ತಿನವರೆಗೂ ಅವರಿಗೆ ಹೊಳೆದಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವರೇ ಎಷ್ಟೋ ಜನರನ್ನು ಹಂಗಿಸಿದ್ದರು.

ಆದರೆ ನಾಚಿಕೆ ಭಾನುವಾರದವರೆಗೆ ಕಾಯಬಹುದು, ಬೆಳ್ತಂಗಡಿಯವರು ಕಾಯುವುದಿಲ್ಲ. ಯಶೋಧಕ್ಕ ಒಳಗೆ ಹೋದರು. ಸ್ಟ್ಯಾಂಡಿನ ಎದುರು ನಿಂತು, ಹನ್ನೆರಡು ಲೋಟಗಳಲ್ಲಿ ಇದ್ದುದರಲ್ಲಿ ನಗ್ಗಿದ್ದು ಯಾವುದು ಎಂದು ಆರಿಸಿದರು. ಕಾಫಿ ತಂದು ಕಟ್ಟೆಯ ಮೇಲಿಟ್ಟು, "ಮುಗಿಯಿತು. ತಗೋ" ಎಂದರು.

ಚಿನ್ನಯ್ಯ ವೃತ್ತದಿಂದ ಹೊರಗೆ ಕಾಲಿಟ್ಟ. ಲೋಟ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಗೇಣು ಮೇಲಿನಿಂದ ಕಾಫಿಯನ್ನು ಗಂಟಲಿಗೆ ಹೊಯ್ದುಕೊಂಡ. ಒಂದು ಹನಿ ತುಟಿಗೆ ತಾಗಲಿಲ್ಲ. ಅವನು ಬಾಲ್ಯದಿಂದ ಕುಡಿಯುತ್ತಿದ್ದುದೇ ಹಾಗೆ. ಗೆರಟೆಯಲ್ಲೂ, ಗಾಜಿನಲ್ಲೂ, ಕಾಗದದಲ್ಲೂ. ಯಶೋಧಕ್ಕ ಅದನ್ನು ನೋಡಿದ್ದು ಇದೇ ಮೊದಲು. ಯಾವತ್ತೂ ಮುಖ ಆಚೆ ತಿರುಗಿಸಿ ನಿಂತವರಿಗೆ ಕಾಣುವುದಾದರೂ ಹೇಗೆ?

ಪಂಪು ಎರಡು ಗಂಟೆ ಹೊಡೆದು ನೀರು ತಗ್ಗಿಸಿತು. ಚಿನ್ನಯ್ಯ ಮೊದಲು ಉರಿಯುವ ದೀಪವೊಂದನ್ನು ಇಳಿಸಿ, ಅದು ಆರಲಿಲ್ಲವೆಂದು ನೋಡಿಕೊಂಡು, ಹಗ್ಗ ಹಿಡಿದು ಇಳಿದ. ಕೆಳಗಿನಿಂದ ಬಕೆಟುಗಳು ಏರತೊಡಗಿದವು. ಮೊದಲ ನಾಲ್ಕು ಬಕೆಟು ಬರೀ ಕೆಸರು. ಐದನೆಯದರಲ್ಲಿ ಒಂದು ಮಾಸ್ಕು, ಆಮೇಲೆ ಇನ್ನೆರಡು. ಹಿಂದೆಂದೋ ತೊಳೆದು ಬಾವಿಯ ಬಳಿ ಒಣಹಾಕಿದ್ದಾಗ ಗಾಳಿಗೆ ಹಾರಿ ಬಿದ್ದವು. ಅದರ ನಂತರ ಬಂದದ್ದನ್ನು ನೋಡಿ ಪಂಪಿನವನು ಹಗ್ಗ ಎಳೆಯುವುದನ್ನು ನಿಲ್ಲಿಸಿದ.

ಬಕೆಟಿನ ತುಂಬ ಕಾಗದದ ಲೋಟಗಳಿದ್ದವು. ಕಾಗದ ಕೊಳೆತು ಹೋಗಿ ಒಳಗಿನ ಪ್ಲಾಸ್ಟಿಕ್ ಪೊರೆ ಮಾತ್ರ ಉಳಿದಿತ್ತು, ಹಾವು ಬಿಟ್ಟ ಪೊರೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು. ಆ ಬಕೆಟು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಬಂತು. ಅದರ ಹಿಂದೆ ಇನ್ನೊಂದು. ಮನೆಯ ಪಂಪಿನ ಬಾಯಿಗೆ ಸಿಕ್ಕಿಕೊಂಡು ನೀರು ತಡೆದದ್ದೂ ಅವೇ. ಹಿತ್ತಲಿನ ಕಲ್ಲಿನ ಮೇಲೆ ಐದು ವರ್ಷದ ಕಾಫಿ ಗುಡ್ಡೆ ಬಿತ್ತು.

ಯಶೋಧಕ್ಕ ಕಟ್ಟೆ ಹಿಡಿದು ನಿಂತರು. ಹಿಡಿಸೂಡಿಯ ತುದಿ, ಸೆರಗು, ಆಚೆ ತಿರುಗಿಸಿದ ಮುಖ, ಎಲ್ಲ ಒಟ್ಟಿಗೆ ನೆನಪಾಯಿತು. ಗೊಬ್ಬರದ ಗುಂಡಿಗೆಂದು ತಳ್ಳಿದ್ದರಲ್ಲಿ ಅರ್ಧಕ್ಕರ್ಧ ಬಾವಿಗೆ ಹೋಗಿತ್ತು. ಚಿನ್ನಯ್ಯ ಕೈಯಲ್ಲಿ ಹಿಡಿದ ಲೋಟ ಮನೆಯ ಡಬ್ಬಿಗೂ ಬೇಡವೆಂದು ಹೇಳಿ, ಅದನ್ನೇ ನೆನೆಹಾಕಿದ ನೀರನ್ನು ಐದು ವರ್ಷ ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕುಡಿದಿದ್ದರು. ಇಂದ್ರರಿಗೂ ಅದನ್ನೇ ಕೊಟ್ಟಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದು ಹೇಳಿಸಿಕೊಳ್ಳುವುದಕ್ಕೆ ಅಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ಕೊನೆಯ ಬಕೆಟಿನ ಜೊತೆ ಚಿನ್ನಯ್ಯನೂ ಮೇಲೆ ಬಂದ. ಕಣ್ಣೆರಡನ್ನು ಬಿಟ್ಟರೆ ಮೈಯೆಲ್ಲ ಕೆಸರು. ಗುಡ್ಡೆಯನ್ನೊಮ್ಮೆ, ಯಶೋಧಕ್ಕನನ್ನೊಮ್ಮೆ ನೋಡಿದ.

"ಸ್ಟೀಲಿನದ್ದಾಗಿದ್ದರೆ ಬೀಳುವಾಗ ಸದ್ದಾದರೂ ಕೇಳ್ತಿತ್ತು ಅಮ್ಮ" ಎಂದ.

ಜಗಲಿಯಲ್ಲಿ ಹೇಮಚಂದ್ರರು ನಕ್ಕರು. ಅವರು ಹಾಗೆ ನಕ್ಕದ್ದನ್ನು ಆ ಮನೆ ಕೇಳಿ ಬಹಳ ವರ್ಷವಾಗಿತ್ತು. ನಿಲ್ಲಿಸಲು ಹೋಗಿ ಕೆಮ್ಮು ಬಂತು, ಯಶೋಧಕ್ಕ ನೀರು ಕೊಡಲು ಎದ್ದು, ಯಾವ ನೀರು ಕೊಡುವುದೆಂದು ತೋಚದೆ ಮತ್ತೆ ಕೂತರು.

ಭಾನುವಾರಕ್ಕೆ ಬಾವಿಯಲ್ಲಿ ಹೊಸ ಒರತೆಯ ನೀರು ನಿಂತಿತ್ತು. ಕನ್ನಡಿಯ ಹಾಗೆ ತಿಳಿ. ಆದೀಶನ ತಾಯಿ ಎರಡು ಲೋಟ ಕುಡಿದು, "ಇಷ್ಟು ಸಿಹಿನೀರು ನಮ್ಮಲ್ಲಿಯೂ ಇಲ್ಲ. ಬಾವಿ ಯಾರು ನೋಡಿಕೊಳ್ಳುವುದು?" ಎಂದು ಕೇಳಿದರು. ಸಾಧನಾ ತಾಯಿಯ ಮುಖ ನೋಡಿದಳು. ಯಶೋಧಕ್ಕ ಬೆಲ್ಲದ ತಟ್ಟೆ ಸರಿಸುತ್ತಾ, "ಎಲ್ಲ ನಾವೇ. ಬೇರೆಯವರ ಕೈಗೆ ಬಿಟ್ಟರೆ ಆಗ್ತದಾ?" ಎಂದರು. ಮಾತು ಗೆದ್ದಿತು, ಮದುವೆಯೂ ನಿಶ್ಚಯವಾಯಿತು.

ಯಶೋಧಕ್ಕ ಬದಲಾದರು ಎಂದು ಯಾರಾದರೂ ತಿಳಿದರೆ ಅವರಿಗೆ ಯಶೋಧಕ್ಕ ಗೊತ್ತಿಲ್ಲ ಎಂದೇ ಅರ್ಥ. ಕಾಗದದ ಲೋಟಗಳ ಉಳಿದ ಕಟ್ಟನ್ನು ಅವರು ಸುಟ್ಟುಬಿಟ್ಟರು, ಅದೇನೋ ನಿಜ. ಅವುಗಳನ್ನು ಕಂಡರೆ ಈಗ ಬಾವಿ ನೆನಪಾಗುತ್ತಿತ್ತು. ಆದರೆ ಸೋಮವಾರ ಮೂಡುಬಿದಿರೆಗೆ ಹೋಗಿ ಒಂದು ಹೊಸ ಸ್ಟೀಲ್ ಲೋಟ ತೆಗೆದುಕೊಂಡರು. ಹನ್ನೆರಡರ ಜೊತೆ ಬೆರಕೆಯಾಗದಿರಲೆಂದು ಅದರ ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ "ಚಿನ್ನಯ್ಯ" ಎಂದು ಕೆತ್ತಿಸಿದರು. ಪಾತ್ರೆಗೆ ಹೆಸರು ಹಾಕಿಸುವುದು ಉಡುಗೊರೆ ಕೊಡುವಾಗ ಮಾತ್ರವಾದ್ದರಿಂದ ಅಂಗಡಿಯವನು, "ಯಾರದ್ದಾದರೂ ಹೊಸ ಮನೆ ಒಕ್ಕಲಾ ಅಕ್ಕ?" ಎಂದು ಕೇಳಿದ. ಯಶೋಧಕ್ಕ ಚೀಲ ತೆರೆದು ದುಡ್ಡು ಎಣಿಸಿದರು.

ಮಂಗಳವಾರ ಚಿನ್ನಯ್ಯನಿಗೆ ಹೊಸ ಲೋಟದಲ್ಲಿ ಕಾಫಿ ಬಂತು. ಕುಡಿದು, ತೊಳೆದು, ಕವುಚಿ ಹಾಕುವಾಗ ಬುಡದ ಅಕ್ಷರ ಕಂಡವು. ಅವನು ಬೆರಳಿನಿಂದ ಚುಕ್ಕಿಗಳನ್ನು ಮುಟ್ಟಿ ಮುಟ್ಟಿ ಓದಿದ. ಅದು ಏತಕ್ಕೆಂದು ಅವನಿಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ನೀವು ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುವವನು.

"ಹೆಸರು ಹಾಕಿಸಿ ಕೊಟ್ಟಿದ್ದೀರಲ್ಲ ಅಮ್ಮ" ಎಂದ. "ಅಪ್ಪನಿಗೂ ಈ ಮನೆಯಲ್ಲಿ ಇಂಥದ್ದು ಸಿಗಲಿಲ್ಲ. ಮನೆಗೆ ಕೊಂಡುಹೋಗಿ ಎಲ್ಲರಿಗೂ ತೋರಿಸ್ತೇನೆ."

ಲೋಟವನ್ನು ಒರೆಸಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡ. ಕೊಟ್ಟದ್ದಲ್ಲ, ಇಲ್ಲೇ ಇಡಲಿಕ್ಕೆ ಎಂದು ಯಶೋಧಕ್ಕ ಹೇಳಬೇಕಾದರೆ ಏಕೆ ಎಂದೂ ಹೇಳಬೇಕು. ಜಗಲಿಯಿಂದ ಹೇಮಚಂದ್ರರು ಪೇಪರು ಇಳಿಸಿ, "ಒಳ್ಳೆಯದಾಯ್ತು ಚಿನ್ನಯ್ಯ. ಜೋಪಾನವಾಗಿ ಇಟ್ಟುಕೋ" ಎಂದರು. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಮರುದಿನ ಚಿನ್ನಯ್ಯ ಬೇಲಿ ಕಟ್ಟಲು ಬಂದ. ಕಾಫಿ ಕುದಿಯಿತು. ಕಾಗದದ ಲೋಟ ಇರಲಿಲ್ಲ, ಹೆಸರಿನ ಲೋಟವೂ ಇರಲಿಲ್ಲ. ನಗ್ಗಿದ ಲೋಟದಲ್ಲಿ ಹೇಮಚಂದ್ರರು ಆಗಲೇ ಕಾಫಿ ಹೊಯ್ದುಕೊಂಡು ಹೋಗಿದ್ದರು, ಬೇಕೆಂದೇ ಹೋಗಿದ್ದರೋ ಏನೋ. ಯಶೋಧಕ್ಕ ಸ್ಟ್ಯಾಂಡಿನ ಮುಂದೆ ಬಹಳ ಹೊತ್ತು ನಿಂತರು. ಹಾಲು ಕೆನೆಗಟ್ಟಿತು. ಕಡೆಗೆ ಉಳಿದ ಹನ್ನೊಂದರಲ್ಲಿ ಕೈಗೆ ಸಿಕ್ಕಿದ ಒಂದನ್ನು ತೆಗೆದು ತುಂಬಿಸಿ, ಹಿತ್ತಲಿಗೆ ಒಯ್ದು ಕೊಟ್ಟರು. ಬೆಳುವಾಯಿಯ ಆ ಮನೆಯಲ್ಲಿ ಕೊರೊನಾ ಮುಗಿದದ್ದು ಆವತ್ತು, ಬುಧವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ.